ಕಳೆದದ್ದು ಸುತ್ತಿಗೆ, ಸಿಕ್ಕಿದ್ದು ನಿಧಿ!

ಇಂಗ್ಲೆಂಡಿನ ಪೂರ್ವ ಭಾಗದಲ್ಲಿ ಸಫೊಕ್ ಎಂಬ ಪ್ರಾಂತ್ಯ. ಅಲ್ಲಿ ಹಾಕ್ಸನ್ ಎಂಬುದೊಂದು ಪುಟ್ಟ ಹಳ್ಳಿ. 1992ರಲ್ಲಿ ಆ ಊರಿನ ರೈತ ಪೀಟರ್ ವ್ಯಾಟ್ಲಿಂಗ್ ತಮ್ಮ ಸುತ್ತಿಗೆಯನ್ನು ಹೊಲದಲ್ಲಿ ಎಲ್ಲೋ ಬೀಳಿಸಿಕೊಂಡರು. ಎಷ್ಟು ಹುಡುಕಿದರೂ ಸಿಗಲಿಲ್ಲ. ಗೆಳೆಯ ಎರಿಕ್ ಲಾಸ್ ಬಳಿ ಒಂದು ಮೆಟಲ್ ಡಿಟೆಕ್ಟರ್, ಅಂದರೆ ಲೋಹಶೋಧಕ ಯಂತ್ರ ಇತ್ತು. ತೋಟದ ಕೆಲಸದಿಂದ ನಿವೃತ್ತರಾದಾಗ ಅವರಿಗೆ ಉಡುಗೊರೆಯಾಗಿ ಬಂದದ್ದು. ಅದನ್ನು ತಂದು ಒಮ್ಮೆ ಹುಡುಕಿಕೊಡುವಂತೆ ವ್ಯಾಟ್ಲಿಂಗ್ ಕೇಳಿಕೊಂಡರು.

ನವೆಂಬರ್ 16ರಂದು ಲಾಸ್ ಹೊಲಕ್ಕೆ ಬಂದು ಯಂತ್ರವನ್ನು ನೆಲದ ಮೇಲೆ ಆಡಿಸುತ್ತ ಹೊರಟರು. ಒಂದೆಡೆ ಅದು ಜೋರಾಗಿ ಕೂಗಿತು. ಅಗೆದು ನೋಡಿದರೆ ಸುತ್ತಿಗೆಯಲ್ಲ. ಬೆಳ್ಳಿಯ ಚಮಚಗಳು, ಚಿನ್ನದ ಒಡವೆಗಳು, ರಾಶಿ ರಾಶಿ ನಾಣ್ಯಗಳು! ರೋಮನ್ನರು ಬ್ರಿಟನ್ನನ್ನು ಆಳುತ್ತಿದ್ದ ಕಾಲದ ಕೊನೆಯಲ್ಲಿ ಯಾರೋ ಸಿರಿವಂತರು ಮರದ ಪೆಟ್ಟಿಗೆಯಲ್ಲಿ ತುಂಬಿ ಹೂತಿಟ್ಟ ಸಂಪತ್ತು ಅದು. ಆಮೇಲೆ ಎಣಿಸಿದಾಗ ನಾಣ್ಯಗಳೇ 14,865. ಅವುಗಳಲ್ಲಿ 569 ಚಿನ್ನದವು, 24 ಕಂಚಿನವು, ಉಳಿದವೆಲ್ಲ ಬೆಳ್ಳಿಯವು. ಜೊತೆಗೆ ಸುಮಾರು 200 ಬೆಳ್ಳಿ ಪಾತ್ರೆ ಮತ್ತು ಚಿನ್ನದ ಆಭರಣಗಳು. ಒಂದು ಬಳೆಯ ಮೇಲೆ ಅದರ ಒಡತಿ ಜೂಲಿಯಾನಾಳ ಹೆಸರೂ ಇತ್ತು. ಇಷ್ಟೆಲ್ಲ ಆದಮೇಲೆ ಕಳೆದ ಸುತ್ತಿಗೆಯೂ ಸಿಕ್ಕಿತು. ಅದೂ ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ಸಂಗ್ರಹದಲ್ಲಿದೆ!

1993ರಲ್ಲಿ ಈ ನಿಧಿಗೆ ಕಟ್ಟಿದ ಬೆಲೆ 17.5 ಲಕ್ಷ ಪೌಂಡ್. ಬ್ರಿಟಿಷ್ ಸರಕಾರದ ಪದ್ಧತಿಯಂತೆ ಆ ಮೊತ್ತ ಲಾಸ್‌ಗೆ ಸಂದಿತು. ಅವರು ಅದನ್ನು ವ್ಯಾಟ್ಲಿಂಗ್ ಜೊತೆ ಹಂಚಿಕೊಂಡರು. ಸಾಮಾನ್ಯವಾಗಿ ಈ ಕಥೆ ಹೇಳುವವರು ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಹಣದ ಮಾತು ಬಂದಮೇಲೆ ಮುಂದಿನದು ಯಾರಿಗೆ ಬೇಕು? ಆದರೆ ಪುರಾತತ್ವ ತಜ್ಞರು ಲಾಸ್ ಅವರನ್ನು ನೆನೆಯುವುದು ಬೇರೆಯೇ ಕಾರಣಕ್ಕೆ. ಒಂದಿಷ್ಟು ವಸ್ತುಗಳು ಕೈಗೆ ಬಂದು, ಕೆಳಗೆ ಇನ್ನೂ ಬಹಳ ಇದೆ ಎಂದು ಗೊತ್ತಾದ ಕೂಡಲೇ ಅವರು ಅಗೆಯುವುದನ್ನು ನಿಲ್ಲಿಸಿದರು. ಪೊಲೀಸರಿಗೂ ಜಮೀನಿನ ಮಾಲೀಕರಾದ ಸಫೊಕ್ ಆಡಳಿತಕ್ಕೂ ಸುದ್ದಿ ಮುಟ್ಟಿಸಿದರು. ಮರುದಿನವೇ ಪುರಾತತ್ವ ತಜ್ಞರ ತಂಡ ಬಂದು, ಒಂದೇ ದಿನದಲ್ಲಿ, ಒಂದೊಂದೂ ಎಲ್ಲೆಲ್ಲಿ ಇತ್ತು ಎಂದು ಗುರುತು ಮಾಡಿಕೊಳ್ಳುತ್ತ ಎಲ್ಲವನ್ನೂ ಮೇಲಕ್ಕೆತ್ತಿತು. ಕೆಲವೇ ದಿನಗಳಲ್ಲಿ ಸುದ್ದಿ ಪತ್ರಿಕೆಗೆ ಸೋರಿತು. ಅಷ್ಟರಲ್ಲಿ ನಿಧಿ ಸುರಕ್ಷಿತವಾಗಿತ್ತು.

ಚಿನ್ನದ ಆಸೆ ಕಣ್ಣೆದುರಿಗೆ ಕುಣಿಯುತ್ತಿರುವಾಗ ಗುದ್ದಲಿ ಕೆಳಗಿಡುವುದು ಸುಲಭದ ಮಾತಲ್ಲ. ಅವರು ಹಾಗೆ ಮಾಡಿದ್ದರಿಂದಲೇ ಪೆಟ್ಟಿಗೆಯ ಅಳತೆ ಸಿಕ್ಕಿತು; ಅದರೊಳಗೆ ಚಿಕ್ಕ ಚಿಕ್ಕ ಪೆಟ್ಟಿಗೆಗಳಿದ್ದುದು ತಿಳಿಯಿತು; ಪಾತ್ರೆಗಳು ಒಂದಕ್ಕೊಂದು ತಾಗದಂತೆ ನಡುವೆ ಬಟ್ಟೆ, ಹುಲ್ಲು ಇಟ್ಟಿದ್ದರೆಂಬುದೂ ಗೊತ್ತಾಯಿತು. ಗಡಿಬಿಡಿಯಲ್ಲಿ ಎಸೆದು ಓಡಿದವರ ಕೆಲಸವಲ್ಲ ಇದು, ನೆಮ್ಮದಿಯಿಂದ ಜೋಡಿಸಿಟ್ಟದ್ದು. ಮನೆಯ ಹಿರಿಯರು ಮದುವೆ ಸೀರೆಯನ್ನು ಟ್ರಂಕಿನಲ್ಲಿ ಮಡಿಸಿಡುವ ಹಾಗೆ! ಗೋಣಿಚೀಲಕ್ಕೆ ತುಂಬಿಕೊಂಡು ಬಂದಿದ್ದರೆ ಚಿನ್ನ ಉಳಿಯುತ್ತಿತ್ತು, ಈ ಕಥೆ ಉಳಿಯುತ್ತಿರಲಿಲ್ಲ.

ನಾಣ್ಯ ಹೇಳುವ ಕಾಲ

ಪೆಟ್ಟಿಗೆಯನ್ನು ಹೂತದ್ದು ಯಾವಾಗ? ಅದರ ಮೇಲೆ ತಾರೀಕು ಬರೆದಿರಲಿಲ್ಲ. ಇಂಥ ಕಡೆ ತಜ್ಞರು ಮೊದಲು ಹುಡುಕುವುದು ಅತ್ಯಂತ ಹೊಸ ನಾಣ್ಯವನ್ನು. ಮನೆಯಲ್ಲಿ ಮಕ್ಕಳ ಮಣ್ಣಿನ ಹುಂಡಿ ಇದೆಯೆನ್ನಿ. ಒಡೆದಾಗ ಅದರಲ್ಲಿ 1985ರ ನಾಣ್ಯವೂ ಇರಬಹುದು, 1998ರದೂ ಇರಬಹುದು. 2006ರ ನಾಣ್ಯ ಒಂದೇ ಒಂದು ಇದ್ದರೂ ಸಾಕು, ಆ ಹುಂಡಿಗೆ ಕೊನೆಯ ಕಾಸು ಬಿದ್ದದ್ದು 2006ಕ್ಕಿಂತ ಮೊದಲಂತೂ ಅಲ್ಲ. ಹಾಕ್ಸನ್ನಿನ ಪೆಟ್ಟಿಗೆಯಲ್ಲಿದ್ದ ಕೊನೆಯ ನಾಣ್ಯಗಳು ಕ್ರಿ.ಶ. 407-408ರವು. ರೋಮನ್ ಆಡಳಿತ ಬ್ರಿಟನ್ನಿನಿಂದ ಕಾಲ್ತೆಗೆದದ್ದು ಸುಮಾರು 410ರಲ್ಲಿ. ಸೈನ್ಯ ಹೊರಟಿದೆ, ಆಡಳಿತ ಕುಸಿಯುತ್ತಿದೆ, ನಾಳೆ ಏನೋ ಎಂತೋ ಎಂಬ ಕಾಲದಲ್ಲಿ ಆ ಮನೆಯವರು ಸಂಪತ್ತನ್ನು ನೆಲಕ್ಕೆ ಒಪ್ಪಿಸಿದರು. ತೆಗೆಯಲು ಮತ್ತೆ ಬರಲಿಲ್ಲ.

ಇನ್ನೊಂದು ಸ್ವಾರಸ್ಯವಿದೆ. ಬೆಳ್ಳಿ ನಾಣ್ಯಗಳಲ್ಲಿ ಹೆಚ್ಚೂಕಡಿಮೆ ಎಲ್ಲದರ ಅಂಚನ್ನೂ ಕತ್ತರಿಸಿದ್ದರು. ರೋಮಿನಿಂದ ಹೊಸ ನಾಣ್ಯ ಬರುವುದು ನಿಂತುಹೋದಾಗ ಇದ್ದ ಬೆಳ್ಳಿಯನ್ನೇ ಎಳೆದಾಡಬೇಕಾಯಿತು. ಪ್ರತಿ ನಾಣ್ಯದ ಸುತ್ತ ಒಂದಿಷ್ಟು ಕತ್ತರಿಸಿ, ಆ ಚೂರುಗಳನ್ನು ಕರಗಿಸಿ ಮತ್ತಷ್ಟು ನಾಣ್ಯ ಮಾಡಿಕೊಂಡರು. ಆದರೆ ನಡುವಿನ ಚಕ್ರವರ್ತಿಯ ಮುಖಕ್ಕೆ ಮಾತ್ರ ಕತ್ತರಿ ತಾಗಿಸಲಿಲ್ಲ. ಬೆಳ್ಳಿ ಕಡಿಮೆಯಾದರೂ ಆಗಲಿ, ರಾಜನ ಮುಖ ಇದ್ದರೆ ನಾಣ್ಯ ನಡೆಯುತ್ತದೆ! ಚರಿತ್ರೆಯ ಪುಸ್ತಕದಲ್ಲಿ 'ಸಾಮ್ರಾಜ್ಯದ ಪತನ' ಎಂದು ಒಂದು ಸಾಲಿನಲ್ಲಿ ಓದುವುದೇ ಬೇರೆ, ಅದು ಸಂತೆಯಲ್ಲಿ, ಜನರ ಕೈಯಲ್ಲಿ ಹೇಗೆ ಕಾಣುತ್ತಿತ್ತು ಎಂದು ಇಂಥ ನಾಣ್ಯ ನೋಡಿ ತಿಳಿಯುವುದೇ ಬೇರೆ.

ಆ ಪೆಟ್ಟಿಗೆಯಲ್ಲಿ ನಮ್ಮ ಕಡೆಯ ಸುಳಿವೂ ಇತ್ತು. ಬೆಳ್ಳಿಯ ನಾಲ್ಕು ಮೆಣಸಿನ ಡಬ್ಬಿಗಳು. ಒಂದು ರೋಮನ್ ರಾಣಿಯಂಥ ಹೆಣ್ಣಿನ ಆಕಾರದ್ದು, ಸುಮಾರು 10 ಸೆಂಟಿಮೀಟರ್ ಎತ್ತರ. ಅಡಿಯಲ್ಲೊಂದು ತಿರುಗುವ ಬಿಲ್ಲೆ. ಒಂದು ಕಡೆ ತಿರುಗಿಸಿದರೆ ಮೆಣಸು ತುಂಬಬಹುದು, ಇನ್ನೊಂದು ಕಡೆಗೆ ಉದುರಿಸಬಹುದು, ಮತ್ತೊಂದು ಕಡೆಗೆ ಮುಚ್ಚಿಡಬಹುದು. ಕರಿಮೆಣಸು ಬೆಳೆಯುತ್ತಿದ್ದುದು ಸಹ್ಯಾದ್ರಿಯ ಮಳೆಕಾಡುಗಳಲ್ಲಿ. ಕೇರಳ ತೀರದ ಮುಜಿರಿಸ್ ಬಂದರಿನಿಂದ ಹಡಗೇರಿ, ಕೆಂಪು ಸಮುದ್ರ ದಾಟಿ, ಈಜಿಪ್ಟ್ ಹಾಯ್ದು ರೋಮ್ ಸೇರಿ, ಅಲ್ಲಿಂದ ಬ್ರಿಟನ್ನಿನ ಊಟದ ಮೇಜಿನವರೆಗೆ ಹೋಗುತ್ತಿತ್ತು. ಬ್ರಿಟನ್ನಿನ ಉತ್ತರದ ಗಡಿಯ ವಿಂಡೊಲಾಂಡಾ ಕೋಟೆಯಲ್ಲಿ ದೊರೆತ ಮರದ ಹಲಗೆಯೊಂದರ ಲೆಕ್ಕದಲ್ಲೂ ಮೆಣಸಿನ ಹೆಸರಿದೆ. ಮೆಣಸು ಅತ್ತ ಹೋದಂತೆ ನಾಣ್ಯ ಇತ್ತ ಬಂತು. ಭಾರತ ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ಹಣವನ್ನು ಸೆಳೆದುಕೊಳ್ಳುತ್ತಿದೆ ಎಂದು ಒಂದನೇ ಶತಮಾನದ ರೋಮನ್ ಲೇಖಕ ಪ್ಲಿನಿ ಗೊಣಗಿದ್ದಾನೆ.

ಆ ಹಣದ ಚೂರುಗಳು ಕರ್ನಾಟಕದಲ್ಲೂ ಸಿಕ್ಕಿವೆ. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ, ರೈಲು ಮಾರ್ಗದ ಕೆಲಸದ ಸಮಯದಲ್ಲಿ, ರೋಮನ್ ಬೆಳ್ಳಿ ನಾಣ್ಯಗಳು ಹೊರಬಂದವು. 1965ರಲ್ಲಿ ಎಚ್.ಎ.ಎಲ್. ಪ್ರದೇಶದಲ್ಲಿ ಇನ್ನೊಂದು ರಾಶಿ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಉತ್ಖನನ ನಡೆದಾಗ ಆಗಸ್ಟಸ್, ಟೈಬೀರಿಯಸ್ ಚಕ್ರವರ್ತಿಗಳ ನಾಣ್ಯಗಳು ದೊರೆತವು. 1947ರಲ್ಲಿ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಗಳಲ್ಲಿ ಅಗೆತ ನಡೆಸಿದ ಮಾರ್ಟಿಮರ್ ವೀಲರ್ ಅವರಿಗೆ ಇಂಥ ನಾಣ್ಯಗಳೇ ದಾರಿದೀಪ. ರೋಮಿನ ರಾಜರ ಕಾಲ ಖಚಿತವಾಗಿ ಗೊತ್ತು. ಅವರ ನಾಣ್ಯ ಯಾವ ಮಣ್ಣಿನ ಪದರದಲ್ಲಿ ಸಿಕ್ಕಿತೋ ಆ ಪದರದ ಮಡಕೆ, ಇಟ್ಟಿಗೆಗಳ ಕಾಲವನ್ನೂ ಅದರಿಂದ ಲೆಕ್ಕ ಹಾಕಬಹುದು. ಆದರೆ ನಾಣ್ಯವನ್ನು ಪದರದಿಂದ ಯಾರೋ ಮೊದಲೇ ಕಿತ್ತುಕೊಂಡು ಹೋಗಿದ್ದರೆ? ಪದರವೂ ಮೂಕ, ನಾಣ್ಯವೂ ಮೂಕ.

ಯಂತ್ರ ಕೂಗುವುದು ಹೇಗೆ?

ಲೋಹಶೋಧಕದ ಹಿಂದಿರುವ ತತ್ವ ಪಿ.ಯು.ಸಿ. ವಿದ್ಯಾರ್ಥಿಗಳಿಗೆ ಹೊಸದೇನಲ್ಲ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡ ವಿದ್ಯುತ್ಕಾಂತೀಯ ಪ್ರೇರಣೆಯೇ ಅದರ ಜೀವಾಳ. ಉದ್ದನೆಯ ಕೋಲಿನ ತುದಿಯಲ್ಲಿ ತಟ್ಟೆಯಂಥ ಭಾಗ. ಅದರೊಳಗೆ ತಾಮ್ರದ ತಂತಿಯ ಎರಡು ಸುರುಳಿಗಳು. ಮೊದಲ ಸುರುಳಿಯಲ್ಲಿ ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುವ ವಿದ್ಯುತ್ ಹರಿಯುತ್ತದೆ. ಅದರಿಂದ ನೆಲದೊಳಗೆ ಏರಿಳಿಯುವ ಕಾಂತಕ್ಷೇತ್ರ ಉಂಟಾಗುತ್ತದೆ. ಅದರ ದಾರಿಯಲ್ಲಿ ಒಂದು ನಾಣ್ಯವಿದ್ದರೆ ಅದರೊಳಗೂ ಚಿಕ್ಕ ಚಿಕ್ಕ ಸುಳಿಗಳಂಥ ವಿದ್ಯುತ್ ಪ್ರವಾಹ ಹುಟ್ಟಿಕೊಳ್ಳುತ್ತದೆ. ಈ ಸುಳಿ ಪ್ರವಾಹ ತನ್ನದೇ ಪುಟ್ಟ ಕಾಂತಕ್ಷೇತ್ರವನ್ನು ಮೇಲಕ್ಕೆ ಕಳಿಸುತ್ತದೆ. ಎರಡನೇ ಸುರುಳಿ ಅದನ್ನು ಹಿಡಿಯುತ್ತದೆ. ಕಿವಿಗೆ ಹಾಕಿಕೊಂಡ ಹೆಡ್‌ಫೋನಿನಲ್ಲಿ 'ಕುಂಯ್' ಎನ್ನುತ್ತದೆ.

ಬೆಳ್ಳಿ, ತಾಮ್ರಗಳಲ್ಲಿ ವಿದ್ಯುತ್ ಸಲೀಸಾಗಿ ಹರಿಯುತ್ತದೆ. ಕಬ್ಬಿಣದ ಮೊಳೆಯ ವರ್ತನೆಯೇ ಬೇರೆ. ಹೀಗಾಗಿ ಪ್ರತಿ ಲೋಹದಿಂದ ಮರಳುವ ಸಂಕೇತ ಸ್ವಲ್ಪ ಹೆಚ್ಚು ಕಡಿಮೆ ತಡವಾಗುತ್ತದೆ. ಆ ತಡವನ್ನು ಅಳೆದು ಇದು ಮೊಳೆಯೋ ನಾಣ್ಯವೋ ಎಂದು ಯಂತ್ರ ಊಹಿಸುತ್ತದೆ. ಊಹೆ ಮಾತ್ರ! ತಂಪು ಪಾನೀಯದ ಡಬ್ಬಿಯ ಅಲ್ಯೂಮಿನಿಯಂ ಕಿವಿ ಎಷ್ಟೋ ಸಲ ಚಿನ್ನದ ಉಂಗುರದ ಹಾಗೆಯೇ ಕೂಗಿ ಮೋಸ ಮಾಡುತ್ತದೆ. ಒಂದು ನಾಣ್ಯವನ್ನು ಸಾಧಾರಣ ಯಂತ್ರ ಗುರುತಿಸುವುದು 20-25 ಸೆಂಟಿಮೀಟರ್ ಆಳದವರೆಗೆ, ಅಂದರೆ ಹೆಚ್ಚುಕಡಿಮೆ ಒಂದು ಗೇಣು. ಹತ್ತಾರು ಅಡಿ ಕೆಳಗಿನ ಕೊಪ್ಪರಿಗೆಯನ್ನು ತೋರಿಸಿಕೊಡುತ್ತೇವೆ ಎಂದು ಯಂತ್ರ ಹಿಡಿದು ಬರುವವರ ಮಾತನ್ನು ನಂಬುವ ಮುನ್ನ ಈ ಗೇಣಿನ ಲೆಕ್ಕ ನೆನಪಿರಲಿ.

ಈ ಯಂತ್ರದ ಚರಿತ್ರೆ ದುಃಖದ ಪ್ರಸಂಗದಿಂದ ಶುರುವಾಗುತ್ತದೆ. 1881ರ ಜುಲೈಯಲ್ಲಿ ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್ ಅವರಿಗೆ ಒಬ್ಬ ಗುಂಡು ಹಾರಿಸಿದ. ಗುಂಡು ದೇಹದೊಳಗೆ ಎಲ್ಲಿದೆ ಎಂದು ವೈದ್ಯರಿಗೆ ತಿಳಿಯಲಿಲ್ಲ. ಎಕ್ಸ್-ರೇ ಇನ್ನೂ ಬಂದಿರಲಿಲ್ಲ. ಟೆಲಿಫೋನ್ ಖ್ಯಾತಿಯ ಅಲೆಗ್ಸಾಂಡರ್ ಗ್ರಹಾಂ ಬೆಲ್ ತಂತಿ ಸುರುಳಿಗಳ ಒಂದು ಉಪಕರಣ ಮಾಡಿಕೊಂಡು ಬಂದರು. ಪ್ರಯೋಗಾಲಯದಲ್ಲಿ ಚೆನ್ನಾಗಿ ಕೆಲಸ ಮಾಡಿದ್ದ ಅದು ರೋಗಿಯ ಹತ್ತಿರ ಎಲ್ಲೆಲ್ಲೂ ಸದ್ದು ಮಾಡತೊಡಗಿತು. ಹಾಸಿಗೆಯಲ್ಲಿದ್ದ ಉಕ್ಕಿನ ತಂತಿಗಳದೇ ಆ ಗಲಾಟೆ! ಸಾಲದ್ದಕ್ಕೆ ಮುಖ್ಯ ವೈದ್ಯರು ಗುಂಡು ಬಲಗಡೆಗಿದೆ ಎಂದು ಹಟ ಹಿಡಿದು ಅಲ್ಲಿಯೇ ಹುಡುಕಿಸಿದರು. ಅದು ಇದ್ದದ್ದು ಎಡಗಡೆ. ಗಾರ್ಫೀಲ್ಡ್ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಮುಂದೆ ಎರಡನೇ ಮಹಾಯುದ್ಧದಲ್ಲಿ ಪೋಲೆಂಡಿನ ಸೈನ್ಯಾಧಿಕಾರಿ ಯೂಝೆಫ್ ಕೊಸಾಟ್ಸ್ಕಿ ರೂಪಿಸಿದ ನೆಲಬಾಂಬು ಪತ್ತೆ ಯಂತ್ರ 1942ರಲ್ಲಿ ಉತ್ತರ ಆಫ್ರಿಕದ ಅಲ್ ಅಲಮೈನ್ ಕದನದಲ್ಲಿ ಬಳಕೆಯಾಯಿತು. ಯುದ್ಧದ ಅಂಥ ಯಂತ್ರಗಳೇ ಮುಂದೆ ನಾಣ್ಯ ಹುಡುಕುವವರ ಕೈಸೇರಿದವು.

ವಿಜ್ಞಾನ ಮೇಳಕ್ಕೆ ಏನಾದರೂ ಮಾಡಬೇಕೆಂದಿರುವ ಮಕ್ಕಳಿಗೆ ಒಂದು ಸುಳಿವು: ಎರಡು ಆಂದೋಲಕ ಮಂಡಲಗಳನ್ನು ಹೆಚ್ಚುಕಡಿಮೆ ಒಂದೇ ಆವೃತ್ತಿಗೆ ಹೊಂದಿಸಿ, ಒಂದರ ಸುರುಳಿಯ ಹತ್ತಿರ ಲೋಹ ತಂದರೆ ಎರಡರ ನಡುವಿನ ವ್ಯತ್ಯಾಸ ಕಿವಿಗೆ ಕೇಳಿಸುತ್ತದೆ. ತಂಬೂರಿಯ ಎರಡು ತಂತಿ ತುಸು ಶ್ರುತಿ ತಪ್ಪಿದಾಗ 'ವಂವ್ ವಂವ್' ಎಂದು ತೂಗುತ್ತದಲ್ಲ, ಅದೇ ತತ್ವ. ತಂತಿ, ಕೆಲವು ಟ್ರಾನ್ಸಿಸ್ಟರ್, ಕೆಪಾಸಿಟರ್, ಒಂದು 9 ವೋಲ್ಟ್ ಬ್ಯಾಟರಿ ಇದ್ದರೆ ಭೌತಶಾಸ್ತ್ರದ ಮೇಷ್ಟರ ನೆರವಿನಿಂದ ಮಾಡಬಹುದು. ಮೇಜಿನ ಮೇಲೆ ಮರಳಿನ ತಟ್ಟೆಯಿಟ್ಟು, ಅದರಲ್ಲಿ ನಾಣ್ಯ ಹುದುಗಿಸಿ ನೋಡುಗರಿಂದ ಹುಡುಕಿಸಿದರೆ ಮೇಳದಲ್ಲಿ ನಿಮ್ಮ ಮೇಜಿನ ಸುತ್ತಲೇ ಜನ!

ಉದ್ಯಾನದಲ್ಲಿ ನಾಣ್ಯ

ಬ್ರಿಟನ್, ಅಮೆರಿಕಗಳಲ್ಲಿ ರಜೆಯ ದಿನ ಹೆಡ್‌ಫೋನ್ ಹಾಕಿಕೊಂಡು, ಊರಿನ ಪಾರ್ಕಿನ ಹುಲ್ಲಿನ ಮೇಲೆ ಯಂತ್ರ ಆಡಿಸುತ್ತ ನಿಧಾನವಾಗಿ ನಡೆಯುವವರು ಕಾಣಸಿಗುತ್ತಾರೆ. ಎಲ್ಲರಿಗೂ ಹಾಕ್ಸನ್ ಒಲಿಯುವುದಿಲ್ಲ. ಸಿಗುವುದರಲ್ಲಿ ಬಹುಪಾಲು ಬಾಟಲಿ ಮುಚ್ಚಳ, ಸಿಗರೇಟಿನ ಬೇಗಡೆ, ಡಬ್ಬಿಯ ಕಿವಿ, ಮೊಳೆ. ನಡುವೆ ಯಾವಾಗಲೋ ಒಂದು ಹಳೆಯ ನಾಣ್ಯ. ಅಮೆರಿಕದಲ್ಲಾದರೆ 1964ರವರೆಗಿನ ಹತ್ತು ಸೆಂಟ್ ನಾಣ್ಯ ಸಿಕ್ಕರೆ ಸಂಭ್ರಮ. ಅದರಲ್ಲಿ ಶೇಕಡ 90ರಷ್ಟು ಬೆಳ್ಳಿ. ಬ್ರಿಟನ್ನಿನಲ್ಲಾದರೆ 1920ಕ್ಕೆ ಮೊದಲಿನ ಬೆಳ್ಳಿ ಶಿಲ್ಲಿಂಗ್. ಅದರಲ್ಲಿ ಶೇಕಡ 92.5 ಬೆಳ್ಳಿ. ಪಾರ್ಕಿನಲ್ಲೇ ಏಕೆ ಎಂದರೆ ಕಾರಣ ಸರಳ. ಜನ ಕೂತು ಏಳುವ, ಮಕ್ಕಳು ಉರುಳಾಡುವ ಜಾಗ. ಹಳೆಯ ವಾದ್ಯಗೋಷ್ಠಿಯ ಮಂಟಪ, ದೊಡ್ಡ ಮರದ ನೆರಳು, ಜಾತ್ರೆ ಸೇರುತ್ತಿದ್ದ ಮೂಲೆ ಇಲ್ಲೆಲ್ಲ ಜೇಬಿನಿಂದ ಜಾರಿದ ಚಿಲ್ಲರೆ ತಲೆಮಾರುಗಳಿಂದ ಸೇರಿರುತ್ತದೆ.

ಬಿದ್ದ ನಾಣ್ಯ ನೆಲದ ಮೇಲೇ ಏಕೆ ಇರುವುದಿಲ್ಲ? ಇದಕ್ಕೆ ಉತ್ತರ ಹುಡುಕಿದವರು ಚಾರ್ಲ್ಸ್ ಡಾರ್ವಿನ್! ಎರೆಹುಳುಗಳ ಬಗ್ಗೆ ಅವರು ಬರೆದ ಪುಸ್ತಕ ಪ್ರಕಟವಾದದ್ದೂ ಬೆಲ್ ಗುಂಡು ಹುಡುಕಿದ 1881ರಲ್ಲೇ ಎಂಬುದು ಕಾಕತಾಳೀಯ. ಎರೆಹುಳು ಕೆಳಗಿನ ಮಣ್ಣನ್ನು ತಿಂದು ಹಿಕ್ಕೆಯಾಗಿ ಮೇಲೆ ತಂದು ಹಾಕುತ್ತದೆ. ಮೇಲಿದ್ದ ವಸ್ತುವಿನ ಅಡಿಯ ಮಣ್ಣು ಸಡಿಲವಾಗುತ್ತದೆ, ಮೇಲೆ ಹೊಸ ಮಣ್ಣಿನ ಪದರ ಕೂರುತ್ತದೆ. ವರ್ಷಗಳು ಕಳೆದಂತೆ ನಾಣ್ಯ ತಾನಾಗಿ ಕೆಳಗಿಳಿಯುತ್ತದೆ. ರೋಮನ್ ಕಟ್ಟಡಗಳ ನೆಲಹಾಸುಗಳೂ ಹೀಗೆಯೇ ಮಣ್ಣಿನಡಿಗೆ ಸೇರಿ ಉಳಿದುಕೊಂಡಿವೆ ಎಂದು ಡಾರ್ವಿನ್ ತೋರಿಸಿದರು. ನಿಧಿಗೆ ಸರ್ಪ ಕಾವಲು ಎನ್ನುತ್ತಾರೆ ನಮ್ಮಲ್ಲಿ; ನಿಜವಾದ ಕಾವಲುಗಾರ ಎರೆಹುಳು ಎನ್ನಬೇಕು.

ಹಾಗೆಂದು ಯಾವ ಪಾರ್ಕಿನಲ್ಲಾದರೂ ಅಗೆಯಬಹುದೇ? ಅಲ್ಲಿಯೂ ಇಲ್ಲ. ಲಂಡನ್ನಿನ ಹೈಡ್ ಪಾರ್ಕ್‌ನಂಥ ರಾಜೋದ್ಯಾನಗಳಲ್ಲಿ ಲೋಹಶೋಧಕ ಬಳಸುವಂತಿಲ್ಲ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲೂ ನಿಷೇಧ. ನ್ಯೂಯಾರ್ಕ್ ನಗರದ ಪಾರ್ಕುಗಳಲ್ಲಿ ಪರವಾನಗಿ ಬೇಕು. ಬ್ರಿಟನ್ನಿನ ಊರ ಪಾರ್ಕುಗಳಿಗೆ ಸ್ಥಳೀಯ ಆಡಳಿತವೇ ಯಜಮಾನ. ಅದು ಒಪ್ಪಿದರುಂಟು, ಇಲ್ಲದಿದ್ದರಿಲ್ಲ. ಅನುಮತಿ ಪಡೆದವರಿಗೂ ಒಂದು ಶಿಸ್ತಿದೆ. ಹುಲ್ಲನ್ನು ಕುದುರೆಲಾಳದ ಆಕಾರದಲ್ಲಿ ಕತ್ತರಿಸಿ, ಬೇರು ಬಿಡಿಸದೆ ಮುಚ್ಚಳದಂತೆ ಎತ್ತಬೇಕು. ಮಣ್ಣನ್ನು ಬಟ್ಟೆಯ ಮೇಲೆ ಹಾಕಿ, ವಸ್ತು ತೆಗೆದ ಮೇಲೆ ಮತ್ತೆ ತುಂಬಿ, ಹುಲ್ಲಿನ ಮುಚ್ಚಳ ಮುಚ್ಚಿ ಕಾಲಿಂದ ಅದುಮಬೇಕು. ಸಿಕ್ಕ ಕಸವನ್ನು ಜೊತೆಗೇ ಒಯ್ಯಬೇಕು. ಅಗೆದ ಗುರುತೇ ಕಾಣಬಾರದು.

ಒಂದು ಮಡಕೆ, ಇನ್ನೊಂದು ಜೈಲು

ಬ್ರಿಟನ್ನಿನಲ್ಲಿ ಈ ಹವ್ಯಾಸಕ್ಕೂ ಪುರಾತತ್ವಕ್ಕೂ ಹಿಂದೆ ಎಣ್ಣೆ ಸೀಗೆಕಾಯಿ ಸಂಬಂಧ. 1980ರ ದಶಕದಲ್ಲಿ ಸರ್ರಿ ಪ್ರಾಂತ್ಯದ ವಾನ್‌ಬರೊ ಎಂಬಲ್ಲಿನ ರೋಮನ್ ದೇವಾಲಯದ ನೆಲವನ್ನು ರಾತ್ರಿ ಕಳ್ಳರು ಯಂತ್ರ ಹಿಡಿದು ಬಗೆದು ಹಾಕಿದರು. ನಾಣ್ಯಗಳು ಚೆಲ್ಲಾಪಿಲ್ಲಿಯಾಗಿ ಮಾರಾಟವಾದವು. ಹಳೆಯ ಕಾನೂನಿನಲ್ಲಿ ಕಳ್ಳರು ನುಸುಳುವಷ್ಟು ತೂತುಗಳಿದ್ದವು. ಆ ಕಹಿ ಅನುಭವದಿಂದ ಎದ್ದ ಒತ್ತಾಯ ಕೊನೆಗೆ 1996ರ ನಿಧಿ ಕಾಯ್ದೆಯಾಗಿ, 1997ರಲ್ಲಿ ಜಾರಿಗೆ ಬಂತು. 300 ವರ್ಷಕ್ಕೂ ಹಳೆಯ ಎರಡು ಅಥವಾ ಹೆಚ್ಚು ಚಿನ್ನ ಬೆಳ್ಳಿಯ ನಾಣ್ಯ ಒಟ್ಟಿಗೆ ಸಿಕ್ಕರೆ 14 ದಿನದೊಳಗೆ ಅಧಿಕಾರಿಗೆ ತಿಳಿಸಬೇಕು. ಮ್ಯೂಸಿಯಂ ಬಯಸಿದರೆ ಬೆಲೆ ಕಟ್ಟಿ ಕೊಳ್ಳುತ್ತದೆ. ಹಣ ಸಾಮಾನ್ಯವಾಗಿ ಹುಡುಕಿದವನಿಗೂ ಭೂಮಾಲೀಕನಿಗೂ ಸಮಪಾಲು. ಕಾಯ್ದೆಗೆ ಸೇರದ ಬಿಡಿ ವಸ್ತುಗಳನ್ನು ಸ್ವಇಚ್ಛೆಯಿಂದ ದಾಖಲಿಸಲು ಒಂದು ಯೋಜನೆಯೂ 1997ರಿಂದ ನಡೆಯುತ್ತಿದೆ. ಅದರಲ್ಲಿ ಈವರೆಗೆ 15 ಲಕ್ಷಕ್ಕೂ ಹೆಚ್ಚು ವಸ್ತುಗಳು ದಾಖಲಾಗಿವೆ.

ಫಲ ಸಿಕ್ಕಿದ್ದು 2010ರ ಏಪ್ರಿಲಿನಲ್ಲಿ. ಸಾಮರ್ಸೆಟ್ ಪ್ರಾಂತ್ಯದ ಫ್ರೋಮ್ ಬಳಿಯ ಹೊಲದಲ್ಲಿ, ಆಸ್ಪತ್ರೆಯೊಂದರಲ್ಲಿ ಅಡುಗೆ ಕೆಲಸ ಮಾಡುತ್ತಿದ್ದ ಡೇವ್ ಕ್ರಿಸ್ಪ್ ಅವರ ಯಂತ್ರ ಕೂಗಿತು. ಒಂದಿಷ್ಟು ಅಗೆದಾಗ ಮಡಕೆಯ ಬಾಯಿ ಕಂಡಿತು. ಅವರೂ ಅಲ್ಲಿಗೇ ನಿಲ್ಲಿಸಿ ತಜ್ಞರನ್ನು ಕರೆದರು. ಮಡಕೆಯಲ್ಲಿ ಇದ್ದದ್ದು 52,503 ರೋಮನ್ ನಾಣ್ಯಗಳು, ಸುಮಾರು 160 ಕಿಲೋಗ್ರಾಂ! ತಜ್ಞರು ಒಂದೇ ಸಲ ಸುರಿಯದೆ ಪದರ ಪದರವಾಗಿ ತೆಗೆದರು. ಆಗ ಒಂದು ಒಗಟು ಎದುರಾಯಿತು. ಹುಂಡಿಯಾಗಿದ್ದರೆ ಹಳೆಯ ನಾಣ್ಯ ಅಡಿಯಲ್ಲಿ, ಹೊಸದು ಮೇಲೆ ಇರಬೇಕು. ಇಲ್ಲಿ ಕೊನೆಯ ಕಾಲದ, ಅಂದರೆ 286ರಿಂದ 293ರವರೆಗೆ ಬ್ರಿಟನ್ನನ್ನು ಆಳಿದ ಕರೌಸಿಯಸ್‌ನ ನಾಣ್ಯಗಳಲ್ಲಿ ಬಹಳಷ್ಟು ಮಡಕೆಯ ಕೆಳಭಾಗದಲ್ಲೇ ಸಿಕ್ಕವು. ಅಂದರೆ ಇದು ವರ್ಷಗಟ್ಟಲೆ ಕೂಡಿಟ್ಟದ್ದಲ್ಲ, ಒಮ್ಮೆಗೇ ತುಂಬಿದ್ದು. ಮಡಕೆಯೂ ತೆಳು, ಅಷ್ಟು ಭಾರ ತುಂಬಿ ಹೊತ್ತು ತರುವಂತಿಲ್ಲ. ಮೊದಲು ಮಡಕೆಯನ್ನು ನೆಲದಲ್ಲಿಟ್ಟು ಆಮೇಲೆ ಸುರಿದಿರಬೇಕು. ಊರವರೆಲ್ಲ ಸೇರಿ ದೇವರಿಗೆ ಒಪ್ಪಿಸಿದ ಕಾಣಿಕೆಯೇ ಇದು? ಹಾಗೆಂದು ಕೆಲವು ತಜ್ಞರ ಊಹೆ. ಮಡಕೆಯನ್ನು ಮನೆಗೊಯ್ದು ಬಗ್ಗಿಸಿದ್ದರೆ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ.

ಎದುರು ಉದಾಹರಣೆಯೂ ಇದೆ. 2015ರಲ್ಲಿ ಹೆರೆಫರ್ಡ್‌ಶೈರಿನ ಲೆಮ್‌ಸ್ಟರ್ ಬಳಿ ಇಬ್ಬರು ಹವ್ಯಾಸಿಗಳಿಗೆ ವೈಕಿಂಗ್ ಕಾಲದ ನಿಧಿ ಸಿಕ್ಕಿತು. ಅವರು ಯಾರಿಗೂ ತಿಳಿಸದೆ ಗುಟ್ಟಾಗಿ ಮಾರಲು ಹೊರಟರು. ಪೊಲೀಸರು ಅವರ ಫೋನಿನಲ್ಲಿ ಅಳಿಸಿಹಾಕಿದ್ದ ಚಿತ್ರಗಳನ್ನು ಮತ್ತೆ ಹೊರತೆಗೆದರು. ಸುಮಾರು 300 ನಾಣ್ಯಗಳಿದ್ದಿರಬೇಕೆಂದು ಅಂದಾಜು. ಕೈಗೆ ಬಂದದ್ದು 31. ಬ್ರಿಟನ್ನಿನ ಇಬ್ಬರು ರಾಜರು, ಆಲ್ಫ್ರೆಡ್ ಮತ್ತು ಎರಡನೇ ಚೆಯೊಲ್‌ವುಲ್ಫ್, ಪರಸ್ಪರ ಹೊಂದಿಕೊಂಡಿದ್ದರೆಂಬುದಕ್ಕೆ ಸಾಕ್ಷಿ ಹೇಳುವಂಥ ಅಪರೂಪದ ನಾಣ್ಯಗಳು ಅವು. 2019ರಲ್ಲಿ ನ್ಯಾಯಾಲಯ ಒಬ್ಬನಿಗೆ 10 ವರ್ಷ, ಇನ್ನೊಬ್ಬನಿಗೆ ಎಂಟೂವರೆ ವರ್ಷ ಸೆರೆವಾಸ ವಿಧಿಸಿತು. ಮೇಲ್ಮನವಿಯಲ್ಲಿ ಅವಧಿ ಕಡಿಮೆಯಾಯಿತು. ನೇರವಾಗಿ ತಿಳಿಸಿದ್ದರೆ ಭಾರೀ ಮೊತ್ತದ ಪಾಲು ಕಾನೂನುಬದ್ಧವಾಗಿಯೇ ಸಿಗುತ್ತಿತ್ತು. ಉಳಿದ ನಾಣ್ಯಗಳು ಎಲ್ಲಿ ಹೋದವೋ!

ನಮ್ಮ ನೆಲದಲ್ಲಿ

ನಮ್ಮಲ್ಲಿ ನಿಧಿ ಎಂದರೆ ಅಂಜನ ಹಾಕಿ ನೋಡುವುದು, ಅಮಾವಾಸ್ಯೆಯ ಪೂಜೆ, ಬಲಿ ಎಂಬ ಕಥೆಗಳೇ ಮೊದಲು ಬರುತ್ತವೆ. ಹಾಳು ದೇವಾಲಯದ ವಿಗ್ರಹ ಕಿತ್ತು, ಅದರಡಿ ಅಗೆದು ಬರಿಗೈಯಲ್ಲಿ ಓಡಿಹೋದವರ ಕಥೆಗೆ ಕಡಿಮೆಯಿಲ್ಲ. ಹಂಪಿಯ ಸುತ್ತಲಿನ ಮಂಟಪಗಳೂ ಈ ಪೀಡೆಯಿಂದ ನರಳಿವೆ. ಬಂಗಾರವಂತೂ ಸಿಗುವುದಿಲ್ಲ, ಶಿಲ್ಪ ಮಾತ್ರ ಮುರಿಯುತ್ತದೆ. ಕರ್ನಾಟಕದ 2017ರ ಮೂಢನಂಬಿಕೆ ವಿರೋಧಿ ಕಾಯ್ದೆ ನಿಷೇಧಿಸಿದ ಕೃತ್ಯಗಳ ಪಟ್ಟಿಯಲ್ಲಿ ನಿಧಿಗಾಗಿ ನಡೆಸುವ ಅಮಾನುಷ ವಾಮಾಚಾರವೂ ಸೇರಿದೆ ಎಂದರೆ ಇದು ಬರೀ ಅಜ್ಜಿ ಕಥೆಯಲ್ಲ ಎಂದು ಗೊತ್ತಾಗುತ್ತದೆ.

ಇಂಗ್ಲೆಂಡಿನ ಕಥೆ ಓದಿ ಉತ್ಸಾಹದಿಂದ ಮಕ್ಕಳು ಯಂತ್ರ ಬೇಕೆಂದು ಹಟ ಹಿಡಿದರೆ ಪೋಷಕರು ಒಂದು ಮಾತು ತಿಳಿಸಿಹೇಳಬೇಕಾಗುತ್ತದೆ. ಪಾರ್ಕು ನಗರಪಾಲಿಕೆಯದೋ ತೋಟಗಾರಿಕೆ ಇಲಾಖೆಯದೋ ಇರುತ್ತದೆ. ಅಲ್ಲಿ ಅಗೆಯಲು ಯಾರಿಗೂ ಹಕ್ಕಿಲ್ಲ. ಸಂರಕ್ಷಿತ ಸ್ಮಾರಕದ ಆವರಣದಲ್ಲಿ ಅನುಮತಿಯಿಲ್ಲದೆ ಅಗೆಯುವುದು 1958ರ ಕೇಂದ್ರ ಕಾಯ್ದೆಯ ಪ್ರಕಾರ ಅಪರಾಧ. ನೂರು ವರ್ಷಕ್ಕೂ ಹಳೆಯ ನಾಣ್ಯ 1972ರ ಕಾಯ್ದೆಯಂತೆ ಪುರಾವಸ್ತು. ಖಾಸಗಿಯವರು ಅದನ್ನು ವಿದೇಶಕ್ಕೆ ಕಳಿಸುವಂತಿಲ್ಲ. ಇನ್ನು ನಿಧಿಯ ಬಗ್ಗೆ 1878ರಷ್ಟು ಹಿಂದೆಯೇ ಭಾರತೀಯ ನಿಧಿ ಕಾಯ್ದೆ ಬಂದಿದೆ, ಕರ್ನಾಟಕ 1962ರಲ್ಲಿ ತನ್ನದೇ ಕಾಯ್ದೆ ಮಾಡಿಕೊಂಡಿದೆ. ಪಾಯ ತೆಗೆಯುವಾಗಲೋ ಹೊಲ ಉಳುವಾಗಲೋ ಕೊಪ್ಪರಿಗೆ ಸಿಕ್ಕರೆ ಏನು ಸಿಕ್ಕಿತು, ಎಲ್ಲಿ, ಯಾವ ದಿನ ಎಂದು ಬರೆದು ಜಿಲ್ಲಾಧಿಕಾರಿಗೆ ತಿಳಿಸಬೇಕು. ಮುಚ್ಚಿಟ್ಟರೆ ಶಿಕ್ಷೆ.

ನಾಣ್ಯದ ಹುಚ್ಚಿಗೆ ಅಗೆಯಲೇಬೇಕೆಂದಿಲ್ಲ. ಬಾಯಲ್ಲಿ ದಿನವೂ ಆಡುವ 'ಹಣ', 'ಕಾಸು', 'ದುಡ್ಡು' ಎಲ್ಲವೂ ಒಂದಾನೊಂದು ಕಾಲದ ನಾಣ್ಯಗಳ ಹೆಸರು. ಗದ್ಯಾಣ, ಹೊನ್ನು, ವರಾಹ, ಹಾಗ ಎಂಬ ಹೆಸರುಗಳು ಶಾಸನಗಳಲ್ಲಿವೆ, ಗಾದೆಗಳಲ್ಲಿವೆ. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರಕಾರಿ ವಸ್ತುಸಂಗ್ರಹಾಲಯ 1865ರಷ್ಟು ಹಳೆಯದು; ಮುಂಬೈಯಲ್ಲಿ ರಿಸರ್ವ್ ಬ್ಯಾಂಕಿನ ನಾಣ್ಯ ಸಂಗ್ರಹಾಲಯ ಇದೆ. ಅಜ್ಜಿಯ ಕಬ್ಬಿಣದ ಪೆಟ್ಟಿಗೆಯ ತಳದಲ್ಲಿ ನಡುವೆ ತೂತಿರುವ 1940ರ ದಶಕದ ಒಂದು ಪೈಸೆಯೋ, 1957ರ 'ನಯಾ ಪೈಸೆ'ಯೋ ಇದ್ದೀತು. ಮಕ್ಕಳು ಅಲ್ಲಿಂದಲೇ ಶುರು ಮಾಡಬಹುದು. ತೆಳು ಕಾಗದವನ್ನು ನಾಣ್ಯದ ಮೇಲಿಟ್ಟು ಪೆನ್ಸಿಲ್ಲಿನಿಂದ ಮೆಲ್ಲಗೆ ಉಜ್ಜಿ ಅಚ್ಚು ತೆಗೆಯಬಹುದು. ತೂಕ, ಅಗಲ, ಇಸವಿ, ಯಾರಿಂದ ಬಂತು ಎಂಬುದನ್ನು ಪಕ್ಕದಲ್ಲಿ ಬರೆದಿಡಬಹುದು.

ಹಿತ್ತಲಲ್ಲಿ ತೆಂಗಿನ ಗುಂಡಿ ತೋಡುವಾಗ ಹಳೆಯ ನಾಣ್ಯವೊಂದು ಕಾಣಿಸಿಕೊಂಡರೆ? ಅಗೆಯುವುದನ್ನು ಅಲ್ಲಿಗೇ ನಿಲ್ಲಿಸಿ. ಎಷ್ಟು ಆಳದಲ್ಲಿತ್ತು, ಮಣ್ಣಿನ ಬಣ್ಣ ಹೇಗಿತ್ತು, ಜೊತೆಗೆ ಮಡಕೆ ಚೂರು ಇತ್ತೇ ಎಂದು ಗುರುತು ಮಾಡಿಕೊಳ್ಳಿ, ಇದ್ದ ಜಾಗದಲ್ಲೇ ಒಂದು ಫೋಟೊ ತೆಗೆಯಿರಿ. ಎಲ್ಲಕ್ಕಿಂತ ಮುಖ್ಯವಾಗಿ ಅದನ್ನು ಹುಣಸೆಹಣ್ಣು, ಬೂದಿ, ಹಲ್ಲುಪುಡಿ ಹಾಕಿ ತಿಕ್ಕಬೇಡಿ. ತಾಮ್ರದ ಬಿಂದಿಗೆಗೆ ಹುಣಸೆಹಣ್ಣು ಸರಿ. ಹಳೆಯ ನಾಣ್ಯದ ಮೇಲಿನ ಹಸಿರು ಕಂದು ಪದರ ಹೋದರೆ ಅದರ ಜೊತೆಗೆ ಸವೆದ ಅಕ್ಷರಗಳೂ ಹೋಗುತ್ತವೆ. ಮಣ್ಣಿನ ಸಮೇತ ಒಂದು ಕಾಗದದ ಪೊಟ್ಟಣದಲ್ಲಿಟ್ಟು ತಹಶೀಲ್ದಾರರ ಕಚೇರಿಗೋ ಪುರಾತತ್ವ ಇಲಾಖೆಗೋ ತಿಳಿಸಿ.